ಬೆಂಗಳೂರಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಎಷ್ಟು ದೂರ, ಎಷ್ಟು ಹೊತ್ತು?

ಪ್ರಶ್ನೆ: ನಾನು ಹಾಸನದಲ್ಲಿರುವ ನಿವೃತ್ತ ಗಣಿತ ಮೇಷ್ಟ್ರು. ಮಗಳ ಬಾಣಂತನಕ್ಕೆ ನಾನೂ ನನ್ನ ಹೆಂಡತಿಯೂ ಜನವರಿಯಲ್ಲಿ ಅಮೆರಿಕಕ್ಕೆ ಹೊರಟಿದ್ದೇವೆ. ಮಗಳ ಮನೆ ಸ್ಯಾನ್ ಫ್ರಾನ್ಸಿಸ್ಕೋ ಹತ್ತಿರ. ಬೆಂಗಳೂರಿಂದ ಅಲ್ಲಿಗೆ ಎಷ್ಟು ದೂರ ಅಂತ ಹುಡುಕಿದರೆ ಒಂದು ಕಡೆ 13,990 ಕಿ.ಮೀ. ಅಂತಿದೆ, ಇನ್ನೊಂದು ಕಡೆ 16,000 ಅಂತಿದೆ. ವಿಮಾನದ ವೇಗ ಗಂಟೆಗೆ 900 ಕಿ.ಮೀ. ಎಂದು ಇಟ್ಟುಕೊಂಡರೆ ಹದಿನೈದೂವರೆ ಗಂಟೆ ಬರಬೇಕು. ಆದರೆ ಟಿಕೆಟ್ ನೋಡಿದರೆ ಒಂದೊಂದರಲ್ಲಿ ಒಂದೊಂದು ಹೊತ್ತು. ಹೋಗುವ ವಿಮಾನ ಮಧ್ಯಾಹ್ನ ಹೊರಟು ಅದೇ ದಿನ ಸಂಜೆ ತಲುಪುತ್ತದಂತೆ. ಬರುವಾಗ ಶನಿವಾರ ಹೊರಟರೆ ಸೋಮವಾರ ತಲುಪುವುದಂತೆ. ಮೂವತ್ತೈದು ವರ್ಷ ಲೆಕ್ಕ ಹೇಳಿಕೊಟ್ಟವನಿಗೆ ಈ ಲೆಕ್ಕ ಕೂಡುತ್ತಿಲ್ಲ. ಬಿಡಿಸಿ ಹೇಳುತ್ತೀರಾ? ನಮಗೆ ಯಾವ ದಾರಿ ಒಳ್ಳೆಯದು ಅಂತಲೂ ತಿಳಿಸಿ.

ಉತ್ತರ: ಮೇಷ್ಟ್ರೇ, ನಮಸ್ಕಾರ. ಮೊದಲು ನಿಮ್ಮ ಮಗಳಿಗೆ ಒಳ್ಳೆಯದಾಗಲಿ. ನಿಮ್ಮ ಭಾಗಾಕಾರದಲ್ಲಿ ತಪ್ಪಿಲ್ಲ. ಆದರೆ ಒಂದು ಅಂಕಿ ಬಿಟ್ಟುಹೋಗಿದೆ. ಅದು ಗಾಳಿ.

ವಿಮಾನಗಳಿಗೆ ದಾರಿ ಹಾಕಿಕೊಡುವ ಕೆಲಸವನ್ನು ನಾನು ಇಪ್ಪತ್ತಕ್ಕೂ ಜಾಸ್ತಿ ವರ್ಷ ಮಾಡಿದ್ದೇನೆ. ಡಿಸ್ಪ್ಯಾಚ್ ಅಂತಾರೆ ಅದಕ್ಕೆ. ಎರಡು ಊರುಗಳ ನಡುವೆ ಎಷ್ಟು ಹೊತ್ತು ಅಂತ ಯಾರಾದರೂ ಕೇಳಿದರೆ ನನ್ನ ಬಾಯಿಂದ ಮೊದಲು ಬರುವುದು ಕಿಲೋಮೀಟರ್ ಅಲ್ಲ, 'ಯಾವ ತಿಂಗಳು?' ಅನ್ನುವ ಪ್ರಶ್ನೆ. ಯಾಕೆ ಅನ್ನುವುದು ಕೊನೆಯ ಹೊತ್ತಿಗೆ ನಿಮಗೆ ಗೊತ್ತಾಗುತ್ತದೆ.

ಅವಸರ ಇದ್ದರೆ ಚುಟುಕು ಉತ್ತರ ಇಷ್ಟು. ಎರಡು ವಿಮಾನ ನಿಲ್ದಾಣಗಳ ನಡುವೆ ನೇರ ದೂರ ಸುಮಾರು 13,990 ಕಿ.ಮೀ. ಎಲ್ಲೂ ಇಳಿಯದೆ ಹೋದರೆ ಹದಿನಾರರಿಂದ ಹದಿನೇಳೂವರೆ ಗಂಟೆ. ನಡುವೆ ಒಂದು ಕಡೆ ವಿಮಾನ ಬದಲಿಸಿದರೆ ಇಪ್ಪತ್ತರಿಂದ ಇಪ್ಪತ್ತಾರು ಗಂಟೆ. ಈಗ ಒಂದೊಂದಾಗಿ ಬಿಡಿಸೋಣ.

ಮೊದಲು 13,990. ಈ ಅಂಕಿ ಎಲ್ಲಿಂದ ಬಂತು ಅಂತ ನೀವೇ ಕಾಗದದ ಮೇಲೆ ಮಾಡಿ ನೋಡಬಹುದು. ಕೆಂಪೇಗೌಡ ವಿಮಾನ ನಿಲ್ದಾಣದ ಅಕ್ಷಾಂಶ 13.2 ಡಿಗ್ರಿ ಉತ್ತರ, ರೇಖಾಂಶ 77.7 ಡಿಗ್ರಿ ಪೂರ್ವ. ಸ್ಯಾನ್ ಫ್ರಾನ್ಸಿಸ್ಕೋ ನಿಲ್ದಾಣದ್ದು 37.6 ಡಿಗ್ರಿ ಉತ್ತರ, 122.4 ಡಿಗ್ರಿ ಪಶ್ಚಿಮ. ಎರಡು ರೇಖಾಂಶ ಕೂಡಿಸಿದರೆ 200 ದಾಟುತ್ತದೆ. ಅಂದರೆ ಭೂಮಿಯನ್ನು ಇನ್ನೊಂದು ಕಡೆಯಿಂದ ಸುತ್ತಿ ಹೋಗುವುದೇ ಹತ್ತಿರ. 360ರಿಂದ ಕಳೆದರೆ ಹತ್ತಿರ ಹತ್ತಿರ 160 ಡಿಗ್ರಿ. ಈಗ ಎರಡು ಅಕ್ಷಾಂಶಗಳ ಸೈನ್ ಗುಣಿಸಿ. ಅವೇ ಅಕ್ಷಾಂಶಗಳ ಕೊಸೈನ್ ಎರಡನ್ನೂ 160ರ ಕೊಸೈನ್ ಜೊತೆ ಗುಣಿಸಿ. ಎರಡು ಉತ್ತರವನ್ನೂ ಕೂಡಿಸಿ. ಬರುವುದು ಸುಮಾರು ಮೈನಸ್ 0.585. ಅದು ಯಾವ ಕೋನದ ಕೊಸೈನ್? 125.8 ಡಿಗ್ರಿ. ಭೂಮಿಯ ಮೇಲೆ ಒಂದು ಡಿಗ್ರಿ ಅಂದರೆ 111.2 ಕಿ.ಮೀ. ಗುಣಿಸಿದರೆ 13,990 ಬಂತು, ಅಲ್ವಾ?

ಇದು ಚೆಂಡಿನ ಮೇಲೆ ಎರಡು ಚುಕ್ಕಿಗಳ ನಡುವಿನ ಅತಿ ಹತ್ತಿರದ ದಾರಿ. ಸ್ಕೂಲಿನ ಗೋಡೆ ನಕ್ಷೆಯಲ್ಲಿ ಅಮೆರಿಕ ಎಡಗಡೆ ತುದಿಯಲ್ಲಿರುವುದರಿಂದ ಅರಬ್ಬೀ ಸಮುದ್ರ, ಆಫ್ರಿಕಾ, ಅಟ್ಲಾಂಟಿಕ್ ದಾಟಿ ಹೋಗಬೇಕು ಅನ್ನಿಸುತ್ತದೆ. ಗ್ಲೋಬ್ ತಗೊಂಡು ಒಂದು ದಾರ ಬಿಗಿಯಾಗಿ ಎಳೆದು ನೋಡಿ. ದಾರ ಎಡಕ್ಕೂ ಹೋಗುವುದಿಲ್ಲ, ಬಲಕ್ಕೂ ಹೋಗುವುದಿಲ್ಲ. ಮೇಲಕ್ಕೆ ಹೋಗುತ್ತದೆ. ನೇಪಾಳ, ಟಿಬೆಟ್, ಪಶ್ಚಿಮ ಮಂಗೋಲಿಯಾ, ಸೈಬೀರಿಯಾ. ಸೈಬೀರಿಯಾದ ಪೂರ್ವ ತುದಿಯ ಕಡೆ 71 ಡಿಗ್ರಿ ಉತ್ತರದ ತನಕ ಏರಿ, ಅಲಾಸ್ಕಾದ ಮೇಲೆ ಇಳಿಯುತ್ತಾ ಕ್ಯಾಲಿಫೋರ್ನಿಯಾ ಸೇರುತ್ತದೆ.

ಇನ್ನೂ ಸುಲಭದ ಲೆಕ್ಕ ಒಂದಿದೆ. ಸುಮ್ನೆ ಉತ್ತರ ಧ್ರುವದ ನೆತ್ತಿಯ ಮೇಲೇ ಹೋದರೆ ಎಷ್ಟಾಗುತ್ತದೆ? ಬೆಂಗಳೂರಿಂದ ಧ್ರುವಕ್ಕೆ 90ರಲ್ಲಿ 13.2 ಕಳೆದರೆ 76.8 ಡಿಗ್ರಿ. ಧ್ರುವದಿಂದ ಸ್ಯಾನ್ ಫ್ರಾನ್ಸಿಸ್ಕೋಗೆ 52.4 ಡಿಗ್ರಿ. ಕೂಡಿಸಿ 111.2ರಿಂದ ಗುಣಿಸಿದರೆ ಸುಮಾರು 14,370 ಕಿ.ಮೀ. ನೇರ ದಾರಿಗಿಂತ ಬರೀ 380 ಕಿ.ಮೀ. ಜಾಸ್ತಿ! ಈ ಲೆಕ್ಕವನ್ನು ಮೊದಲ ಸಲ ಮಾಡಿದಾಗ ನನಗೂ ನಂಬಿಕೆ ಬರಲಿಲ್ಲ, ಇನ್ನೊಂದು ಸಲ ಮಾಡಿ ನೋಡಿದ್ದೆ. ನಾವು ನಕಾಶೆಯಲ್ಲಿ ಭೂಮಿಯ ಕೊನೆ ಅಂದುಕೊಂಡ ಜಾಗ ಈ ಎರಡು ಊರುಗಳ ನಡುವಿನ ದಾರಿಯಲ್ಲೇ ಇದೆ.

ಧ್ರುವದ ಮೇಲೆ ನಿಜವಾಗಿ ಹಾರಿದ್ದೂ ಆಗಿದೆ. 2021ರ ಜನವರಿ 9ರ ರಾತ್ರಿ ಏರ್ ಇಂಡಿಯಾದ ಬೋಯಿಂಗ್ 777 ಒಂದು ಸ್ಯಾನ್ ಫ್ರಾನ್ಸಿಸ್ಕೋದಿಂದ ಬೆಂಗಳೂರಿಗೆ ಹೊರಟಿತು. ಕ್ಯಾಪ್ಟನ್ ಜೋಯಾ ಅಗರ್ವಾಲ್ ಮುಂದಾಳು. ಕಾಕ್‌ಪಿಟ್‌ನಲ್ಲಿ ಇದ್ದವರೆಲ್ಲ ಹೆಣ್ಣುಮಕ್ಕಳೇ. ಉತ್ತರ ಧ್ರುವದ ಮೇಲೆ ಹಾದು, ಸುಮಾರು ಹದಿನೇಳು ಗಂಟೆ ಹಾರಿ, 11ರ ಬೆಳಗಿನ ಜಾವ ದೇವನಹಳ್ಳಿಯಲ್ಲಿ ಇಳಿದರು. ಆಗ ಪತ್ರಿಕೆಗಳಲ್ಲಿ ಬಂದ ದೂರ ಸುಮಾರು 16,000 ಕಿ.ಮೀ. ನೀವು ನೋಡಿದ ಎರಡನೇ ಅಂಕಿ ಬಹುಶಃ ಅದೇ. ಎರಡೂ ಸರಿ ಮೇಷ್ಟ್ರೇ. 13,990 ಅನ್ನುವುದು ದಾರ ಎಳೆದ ದೂರ. 16,000 ಅನ್ನುವುದು ಹಾರಿದ ದೂರ.

ಹಾಗಾದರೆ ದಾರದ ಮೇಲೇ ಯಾಕೆ ಹಾರುವುದಿಲ್ಲ? ಮೊದಲ ಅಡ್ಡಿ ನಮ್ಮ ಪಕ್ಕದಲ್ಲೇ ಇದೆ. ಟಿಬೆಟ್.

ವಿಮಾನ ಹನ್ನೊಂದು ಕಿ.ಮೀ. ಎತ್ತರದಲ್ಲಿ ಹಾರುವಾಗ ಹಿಮಾಲಯ ಅಡ್ಡ ಬರುವುದಿಲ್ಲ. ಎವರೆಸ್ಟ್ ಕೂಡ ಒಂಬತ್ತು ಕಿ.ಮೀ.ಗಿಂತ ಕಮ್ಮಿ. ಚಿಂತೆ ಬೇರೆ. ಯಾವುದೋ ಕಾರಣಕ್ಕೆ ಒಳಗಿನ ಗಾಳಿಯ ಒತ್ತಡ ಹೋಯಿತು ಅಂದುಕೊಳ್ಳಿ. ತಲೆ ಮೇಲಿಂದ ಹಳದಿ ಮಾಸ್ಕ್ ಬೀಳುತ್ತವೆ. ಹೊರಡುವ ಮುಂಚೆ ಗಗನಸಖಿ ತೋರಿಸುತ್ತಾರಲ್ಲ, ಅವೇ. ಅವುಗಳ ಆಮ್ಲಜನಕ ಬಹಳ ವಿಮಾನಗಳಲ್ಲಿ ಹನ್ನೆರಡು, ಹದಿನೈದು ನಿಮಿಷಕ್ಕೆ ಮಾತ್ರ. ಅಷ್ಟರೊಳಗೆ ಪೈಲಟ್ ವಿಮಾನವನ್ನು 10,000 ಅಡಿಗೆ, ಅಂದರೆ ಸುಮಾರು ಮೂರು ಕಿ.ಮೀ. ಎತ್ತರಕ್ಕೆ ಇಳಿಸಬೇಕು. ಅಲ್ಲಿ ಮಾಸ್ಕ್ ಇಲ್ಲದೆ ಉಸಿರಾಡಬಹುದು. ಟಿಬೆಟ್‌ನಲ್ಲಿ ನೆಲವೇ ಸರಾಸರಿ ನಾಲ್ಕೂವರೆ ಕಿ.ಮೀ. ಎತ್ತರದಲ್ಲಿದೆ. ಇಳಿಯುವುದು ಎಲ್ಲಿಗೆ? ಅದಕ್ಕೇ ಆ ಪ್ರಸ್ಥಭೂಮಿಯನ್ನು ಬಹುಪಾಲು ವಿಮಾನಗಳು ಪಕ್ಕಕ್ಕೆ ಬಿಟ್ಟು ಹೋಗುತ್ತವೆ. ಇದೊಂದೇ ಸುತ್ತು ನೂರಾರು ಕಿ.ಮೀ. ತಿನ್ನುತ್ತದೆ.

ಎರಡನೇ ಅಡ್ಡಿ ಮನುಷ್ಯರು ಹಾಕಿದ್ದು. ಆಕಾಶಕ್ಕೂ ಗಡಿ ಇದೆ. 2019ರಲ್ಲಿ ಫೆಬ್ರವರಿ ಕೊನೆಯಿಂದ ಜುಲೈ ಮಧ್ಯದ ತನಕ ಪಾಕಿಸ್ತಾನದ ಆಕಾಶ ಬಹುಪಾಲು ಮುಚ್ಚಿತ್ತು. 2025ರ ಏಪ್ರಿಲ್‌ನಲ್ಲಿ ಭಾರತದ ವಿಮಾನಗಳಿಗೆ ಮತ್ತೆ ಮುಚ್ಚಿದರು. 2022ರಲ್ಲಿ ಉಕ್ರೇನ್ ಯುದ್ಧ ಶುರುವಾದ ಮೇಲೆ ಅಮೆರಿಕದ, ಯುರೋಪಿನ ಬಹುಪಾಲು ಕಂಪನಿಗಳು ರಷ್ಯಾ ಮೇಲೆ ಹಾರುವ ಹಾಗಿಲ್ಲ. ಏರ್ ಇಂಡಿಯಾಗೆ ಆ ತಡೆ ಬರಲಿಲ್ಲ. ಒಂದೇ ಎರಡು ಊರು, ಕಂಪನಿ ಬೇರೆ ಆದ ಕೂಡಲೇ ದಾರಿಯೂ ಬೇರೆ, ಹೊತ್ತೂ ಬೇರೆ. ಇದಕ್ಕೆ ಗ್ಲೋಬ್‌ನಲ್ಲಿ ಉತ್ತರ ಸಿಗುವುದಿಲ್ಲ.

ಮೂರನೆಯದು ಇಂಜಿನ್. ದೂರದ ವಿಮಾನಗಳಲ್ಲಿ ಈಗ ಜಾಸ್ತಿ ಎರಡು ಇಂಜಿನ್‌ನವೇ. ಒಂದು ಕೈಕೊಟ್ಟರೆ ಇನ್ನೊಂದರಲ್ಲಿ ನಿಗದಿ ಮಾಡಿದ ಹೊತ್ತಿನೊಳಗೆ ಮುಟ್ಟುವ ಹಾಗೆ ಒಂದು ನಿಲ್ದಾಣ ದಾರಿಯುದ್ದಕ್ಕೂ ಸಿಗುತ್ತಲೇ ಇರಬೇಕು. 2023ರ ಜೂನ್‌ನಲ್ಲಿ ದೆಹಲಿಯಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಹೊರಟ ವಿಮಾನವೊಂದು ಇಂಜಿನ್ ತೊಂದರೆಯಿಂದ ರಷ್ಯಾದ ಪೂರ್ವ ಅಂಚಿನ ಮಗದಾನ್‌ನಲ್ಲಿ ಇಳಿಯಿತು. ಸುದ್ದಿ ಕೇಳಿದವರಿಗೆ ಮಗದಾನ್ ಎಲ್ಲಿದೆ ಅಂತಲೇ ಗೊತ್ತಿರಲಿಲ್ಲ. ಆದರೆ ಅಂಥ ಹೆಸರುಗಳು ನಮ್ಮ ಹಾಳೆಯಲ್ಲಿ ವಿಮಾನ ಹೊರಡುವ ಮೊದಲೇ ಇರುತ್ತವೆ. ಇಂಜಿನ್ ತೊಂದರೆಯಲ್ಲೂ ಎಲ್ಲರೂ ಸುರಕ್ಷಿತವಾಗಿ ಇಳಿದರು ಅಂದರೆ ಆ ಪದ್ಧತಿ ಕೆಲಸ ಮಾಡಿತು ಅಂತಲೇ ಅರ್ಥ.

ಈಗ ಗಾಳಿಗೆ ಬರೋಣ. ನನಗೆ ಇಷ್ಟವಾದ ಭಾಗ ಇದೇ.

ಹತ್ತನೇ ಕ್ಲಾಸಿನ ವರ್ಗ ಸಮೀಕರಣದಲ್ಲಿ ಹೊಳೆಯ ದೋಣಿ ಲೆಕ್ಕ ನೀವು ಎಷ್ಟು ಸಲ ಮಾಡಿಸಿದ್ದೀರೋ. ನಿಂತ ನೀರಿನಲ್ಲಿ ದೋಣಿಯ ವೇಗ ಇಷ್ಟು, ಹೊಳೆಯ ಹರಿವು ಇಷ್ಟು, ಹೋಗಿ ಬರಲು ಎಷ್ಟು ಹೊತ್ತು? ವಿಮಾನದ ಲೆಕ್ಕ ಅದೇ. ದೋಣಿ ಜಾಗದಲ್ಲಿ ವಿಮಾನ, ಹೊಳೆ ಜಾಗದಲ್ಲಿ ಗಾಳಿ.

ಬೋಯಿಂಗ್ 777 ಸಾಮಾನ್ಯವಾಗಿ ಶಬ್ದದ ವೇಗದ ನೂರಕ್ಕೆ 84ರಷ್ಟರಲ್ಲಿ ಹಾರುತ್ತದೆ. ಆ ಎತ್ತರದ ಚಳಿಗೆ ಶಬ್ದವೂ ನಿಧಾನವಾಗುತ್ತದೆ, ಹಾಗಾಗಿ ವಿಮಾನದ ವೇಗ ಗಂಟೆಗೆ ಸುಮಾರು 895 ಕಿ.ಮೀ. ನೀವು ಇಟ್ಟುಕೊಂಡ 900 ಸರಿಯೇ. ಆದರೆ ಅದು ಗಾಳಿಯೊಳಗಿನ ವೇಗ, ನಿಂತ ನೀರಿನ ವೇಗ ಇದ್ದ ಹಾಗೆ. ಅಲ್ಲಿ ಮೇಲೆ ಗಾಳಿ ನಿಂತಿರುವುದಿಲ್ಲ. ಪಶ್ಚಿಮದಿಂದ ಪೂರ್ವಕ್ಕೆ ಜೆಟ್ ಸ್ಟ್ರೀಮ್ ಅನ್ನುವ ಗಾಳಿ ಹೊಳೆಯೊಂದು ಹರಿಯುತ್ತಿರುತ್ತದೆ. ಚಳಿಗಾಲದಲ್ಲಿ ಜಪಾನಿನ ಮೇಲೆ ಅದರ ವೇಗ ಗಂಟೆಗೆ 200, 300 ಕಿ.ಮೀ. ಮುಟ್ಟುವುದು ಮಾಮೂಲು.

ಈ ಗಾಳಿಯನ್ನು ಮೊದಲು ಅಳೆದವರ ಕತೆ ನನಗೆ ಬಹಳ ಮನಸ್ಸಿಗೆ ತಟ್ಟಿದ್ದು. 1920ರ ದಶಕದಲ್ಲಿ ಜಪಾನಿನ ಹವಾಮಾನ ತಜ್ಞ ವಾಸಬುರೊ ಓಯಿಶಿ ಬಲೂನ್ ಬಿಟ್ಟು, ದುರ್ಬೀನಿನಲ್ಲಿ ನೋಡುತ್ತಾ, ಅದು ಎಷ್ಟು ಬೇಗ ಪೂರ್ವಕ್ಕೆ ಜಾರುತ್ತದೆ ಅಂತ ಬರೆದಿಟ್ಟರು. ಅಷ್ಟು ಎತ್ತರದಲ್ಲಿ ಅಂಥ ಬಿರುಗಾಳಿ ಇದೆ ಅಂತ ಪ್ರಪಂಚಕ್ಕೆ ಗೊತ್ತಿರಲಿಲ್ಲ. ಎಲ್ಲಾ ದೇಶದವರೂ ಓದಲಿ ಅಂತ ಅವರು ವರದಿಯನ್ನು ಎಸ್ಪೆರಾಂತೊ ಅನ್ನುವ, ಎಲ್ಲರಿಗೂ ಒಂದೇ ಭಾಷೆ ಇರಲಿ ಅಂತ ಹೊಸದಾಗಿ ಕಟ್ಟಿದ ಭಾಷೆಯಲ್ಲಿ ಬರೆದರು. ಆ ಭಾಷೆ ಓದುವವರೇ ಕಮ್ಮಿ. ವರದಿ ಹೊರಗೆ ಹೆಚ್ಚು ಜನರನ್ನು ಮುಟ್ಟಲೇ ಇಲ್ಲ. ಎರಡನೇ ಮಹಾಯುದ್ಧದಲ್ಲಿ ಜಪಾನಿನ ಮೇಲೆ ಎತ್ತರದಲ್ಲಿ ಹಾರಿದ ಅಮೆರಿಕದ ಪೈಲಟ್‌ಗಳು ಆ ಗಾಳಿಗೆ ಸಿಕ್ಕಿ ಬೆರಗಾದರು. ಅಷ್ಟು ಹೊತ್ತಿಗೆ ಓಯಿಶಿ ಅಳೆದು ಎಷ್ಟೋ ವರ್ಷ ಆಗಿತ್ತು.

ಈ ಹೊಳೆಯ ಬೆಲೆ ಏನು ಅಂತ ತೋರಿಸಲು ನನಗೆ ಒಂದು ಉದಾಹರಣೆ ಸಾಕು. ಏರ್ ಇಂಡಿಯಾ ಮೊದಲು ದೆಹಲಿಯಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಅಟ್ಲಾಂಟಿಕ್ ಕಡೆಯಿಂದ ಹೋಗುತ್ತಿತ್ತು. ದಾರಿ ಸುಮಾರು 13,900 ಕಿ.ಮೀ. 2016ರ ಅಕ್ಟೋಬರ್‌ನಲ್ಲಿ ದಿಕ್ಕು ಬದಲಿಸಿ ಪೆಸಿಫಿಕ್ ಕಡೆಯಿಂದ ಹಾರಿತು. ದಾರಿ 15,300 ಕಿ.ಮೀ. ಆಯಿತು. 1,400 ಕಿ.ಮೀ. ಜಾಸ್ತಿ! ತಗೊಂಡ ಹೊತ್ತು ಹದಿನಾಲ್ಕೂವರೆ ಗಂಟೆ. ಹಳೇ ದಾರಿಗಿಂತ ಹತ್ತಿರ ಹತ್ತಿರ ಎರಡು ಗಂಟೆ ಕಮ್ಮಿ. ಭಾಗಿಸಿ ನೋಡಿ, ಗಂಟೆಗೆ ಸರಾಸರಿ 1,055 ಕಿ.ಮೀ. ಇಂಜಿನ್ ಹೊಸದಲ್ಲ, ವಿಮಾನ ಹೊಸದಲ್ಲ. ಗಾಳಿ ಹಿಂದಿನಿಂದ ತಳ್ಳಿತು, ಅಷ್ಟೇ.

ಒಂದು ಜನವರಿ ರಾತ್ರಿ ನನ್ನ ಮೇಜಿನ ಮೇಲೆ ಇಂಥದ್ದೇ ಎರಡು ಪ್ಲಾನ್ ಇದ್ದವು. ಉದ್ದನೆಯ ಹಾಳೆ. ಸಾಲಿಗೊಂದು ಐದಕ್ಷರದ ಹೆಸರು, ಅದು ಆಕಾಶದಲ್ಲಿ ಒಂದು ಚುಕ್ಕಿ. ಅದರ ಮುಂದೆ ಎತ್ತರ, ಹೊರಗಿನ ಚಳಿ, ಗಾಳಿ, ಆ ಚುಕ್ಕಿ ಮುಟ್ಟುವ ಹೊತ್ತು, ಆಗ ಉಳಿಯಬೇಕಾದ ಇಂಧನ. ಗಾಳಿಯ ಕಾಲಂನಲ್ಲಿ 270/120 ಅಂತಿದ್ದರೆ ನೇರ ಪಶ್ಚಿಮದಿಂದ 120 ನಾಟ್ ಬೀಸುತ್ತಿದೆ ಅಂತ ಅರ್ಥ, ಅಂದರೆ ಗಂಟೆಗೆ 220 ಕಿ.ಮೀ. ಮೊದಲ ಪ್ಲಾನ್‌ನ ದಾರಿ ಗಿಡ್ಡ. ಎರಡನೆಯದು ದಕ್ಷಿಣಕ್ಕೆ ಬಾಗಿ ಆ 120ರ ಸಾಲಿನೊಳಗೇ ನುಗ್ಗುತ್ತಿತ್ತು. ಕ್ಯಾಪ್ಟನ್ ಬಂದವರು ದೂರ ಕೇಳಲಿಲ್ಲ. ಹಾಳೆ ತಿರುಗಿಸಿ ಕೆಳಗಿನ ಇಂಧನದ ಸಾಲಿನ ಮೇಲೆ ಬೆರಳಿಟ್ಟರು. ಉದ್ದದ ದಾರಿಗೆ ಇಂಧನ ಕಮ್ಮಿ ಇತ್ತು. ಅದಕ್ಕೇ ಸಹಿ ಹಾಕಿದರು.

ಹೋಗುವ ಹೊತ್ತು, ಬರುವ ಹೊತ್ತು ಯಾಕೆ ಬೇರೆ ಅನ್ನುವುದಕ್ಕೂ ಇದೇ ಉತ್ತರ. 14,000 ಕಿ.ಮೀ. ದಾರಿ, ಸರಾಸರಿ 100 ಕಿ.ಮೀ. ಗಾಳಿ ಅಂತ ಇಟ್ಟುಕೊಳ್ಳಿ. ಹಿಂದಿನಿಂದ ಬೀಸಿದರೆ ವೇಗ 995, ಹೊತ್ತು ಹದಿನಾಲ್ಕು ಗಂಟೆ ಚಿಲ್ಲರೆ. ಎದುರಿಂದ ಬೀಸಿದರೆ ವೇಗ 795, ಹೊತ್ತು ಹದಿನೇಳೂವರೆ ಗಂಟೆಗೂ ಸ್ವಲ್ಪ ಜಾಸ್ತಿ. ಎರಡರ ಸರಾಸರಿ ತೆಗೆದು ಗಾಳಿ ಇಲ್ಲದ ಹೊತ್ತಿನ ಜೊತೆ ಹೋಲಿಸಿ. ಎದುರುಗಾಳಿಯಲ್ಲಿ ಕಳೆದದ್ದು ಪೂರ್ತಿ ವಾಪಸ್ ಬರುವುದಿಲ್ಲ. ಯಾಕೆ ಅಂತ ನಾನು ನಿಮಗೆ ಹೇಳಬೇಕಾಗಿಲ್ಲ. ಅದಕ್ಕೇ ಬರುವಾಗ ಪೆಸಿಫಿಕ್ ದಾರಿ ಹಿಡಿದು ಎದುರುಗಾಳಿ ತಿನ್ನುವ ಬದಲು ಉತ್ತರಕ್ಕೆ ಸರಿದು ಧ್ರುವದ ಕಡೆಯಿಂದಲೋ, ಅಟ್ಲಾಂಟಿಕ್ ಕಡೆಯಿಂದಲೋ ತರಲು ನೋಡುತ್ತಾರೆ. ಮಳೆಗಾಲದ ತಿಂಗಳುಗಳಲ್ಲಿ ಜೆಟ್ ಸ್ಟ್ರೀಮ್ ಬಲ ಕಳೆದುಕೊಂಡು ಉತ್ತರಕ್ಕೆ ಸರಿಯುತ್ತದೆ, ಆಗ ವ್ಯತ್ಯಾಸವೂ ಇಳಿಯುತ್ತದೆ. ತಿಂಗಳು ಯಾವುದು ಅಂತ ಮೊದಲು ಕೇಳುವುದು ಇದಕ್ಕೇ.

ನಮ್ಮ ಬೆಂಗಳೂರಿಗೇ ಸೇರಿದ ಇನ್ನೊಂದು ವಿಷಯ ಇದೆ, ಹೆಚ್ಚು ಜನ ಗಮನಿಸುವುದಿಲ್ಲ. ದೇವನಹಳ್ಳಿ ಸಮುದ್ರ ಮಟ್ಟದಿಂದ 3,000 ಅಡಿ ಎತ್ತರದಲ್ಲಿದೆ. ನಮಗೆ ತಂಪು ಗಾಳಿ, ವಿಮಾನಕ್ಕೆ ತೆಳು ಗಾಳಿ. ತೆಳು ಗಾಳಿಯಲ್ಲಿ ರೆಕ್ಕೆಗೆ ಎತ್ತುವ ಬಲ ಕಮ್ಮಿ, ಇಂಜಿನ್‌ಗೂ ಬಲ ಕಮ್ಮಿ. ಬಿಸಿಲೇರಿದರೆ ಇನ್ನೂ ತೆಳು. ದೂರದ 777 ಒಂದು ಹೊರಡುವಾಗ ಮುನ್ನೂರು ಟನ್ ದಾಟುತ್ತದೆ, ಅದರಲ್ಲಿ ನೂರು ಟನ್‌ಗಿಂತ ಜಾಸ್ತಿ ಬರೀ ಇಂಧನ. ರನ್‌ವೇ 4,000 ಮೀಟರ್ ಉದ್ದ ಇದ್ದರೂ ತೂಕಕ್ಕೆ ಒಂದು ಮಿತಿ ಇದ್ದೇ ಇದೆ. ಸ್ಯಾನ್ ಫ್ರಾನ್ಸಿಸ್ಕೋ ರನ್‌ವೇ ಕೊಲ್ಲಿಯ ನೀರಿನ ಅಂಚಿನಲ್ಲೇ ಇದೆ, ಎತ್ತರ ಬರೀ ಕೆಲವು ಅಡಿ. ಅದೇ ವಿಮಾನ ಅಲ್ಲಿಂದ ಜಾಸ್ತಿ ತೂಕ ಎತ್ತಬಲ್ಲದು. ಗಾಳಿ ಕೆಟ್ಟ ದಿನ ಇಲ್ಲಿಂದ ಹೊರಡುವಾಗ ಇಂಧನ ಜಾಸ್ತಿ ಬೇಕಾದರೆ ಸರಕು ಇಳಿಸುತ್ತಾರೆ, ಕೆಲವೊಮ್ಮೆ ಸೀಟು ಖಾಲಿ ಬಿಡುತ್ತಾರೆ.

ಟಿಕೆಟ್‌ನಲ್ಲಿ ಬರೆದ ಹೊತ್ತು ಹಾರುವ ಹೊತ್ತಲ್ಲ ಅನ್ನುವುದೂ ಗೊತ್ತಿರಲಿ. ಅದಕ್ಕೆ ಬ್ಲಾಕ್ ಟೈಮ್ ಅಂತಾರೆ. ನಿಂತ ವಿಮಾನ ಉರುಳದ ಹಾಗೆ ಚಕ್ರಕ್ಕೆ ಕಟ್ಟೆ ಕೊಟ್ಟಿರುತ್ತಾರೆ. ಆ ಕಟ್ಟೆ ತೆಗೆದಾಗ ಶುರು, ಇನ್ನೊಂದು ಊರಿನಲ್ಲಿ ಕಟ್ಟೆ ಕೊಟ್ಟಾಗ ಮುಗಿಯಿತು. ಇದು ಚೆನ್ನಾಗಿ ಕಾಣುವುದು ಹತ್ತಿರದ ಹಾರಾಟದಲ್ಲಿ. ಬೆಂಗಳೂರಿಂದ ಮಂಗಳೂರಿಗೆ ಆಕಾಶದಲ್ಲಿ ಬರೀ 306 ಕಿ.ಮೀ. ನಿಮ್ಮ ಲೆಕ್ಕದಲ್ಲಿ ಇಪ್ಪತ್ತು ನಿಮಿಷ. ಟಿಕೆಟ್‌ನಲ್ಲಿ ಒಂದು ಗಂಟೆಗೂ ಮೇಲೆ. ಯಾಕೆ? ಗೇಟಿನಿಂದ ರನ್‌ವೇ ತನಕ ಉರುಳಬೇಕು, ಮುಂದಿನ ವಿಮಾನಗಳ ಹಿಂದೆ ಸಾಲು ನಿಲ್ಲಬೇಕು. ನಮ್ಮ ರನ್‌ವೇಗಳು ಪೂರ್ವ-ಪಶ್ಚಿಮ. ಗಾಳಿ ಪೂರ್ವದಿಂದ ಬೀಸುವ ದಿನ ಮಂಗಳೂರಿನ ವಿಮಾನ ಕೋಲಾರದ ಕಡೆಗೆ ಮುಖ ಮಾಡಿ ಏರಿ, ಆಮೇಲೆ ತಿರುಗಿ ಪಶ್ಚಿಮಕ್ಕೆ ಬರಬೇಕು. ಪೂರ್ತಿ ವೇಗ ಹಿಡಿಯುವಷ್ಟರಲ್ಲಿ ಬಜ್ಪೆಗೆ ಇಳಿಯುವ ತಯಾರಿ. ನಿಮ್ಮ ಹದಿನಾರು ಗಂಟೆಯಲ್ಲೂ ಹೀಗೆ ಅರ್ಧ ಗಂಟೆ ನೆಲದ ಮೇಲೇ ಕಳೆಯುತ್ತದೆ, ಆದರೆ ಅಷ್ಟು ದೊಡ್ಡ ಹೊತ್ತಿನಲ್ಲಿ ಅದು ಕಾಣುವುದಿಲ್ಲ.

ಈಗ ಶನಿವಾರ ಹೋಗಿ ಸೋಮವಾರ ಆಗುವ ವಿಷಯ. ಟಿಕೆಟ್‌ನಲ್ಲಿ ಎಲ್ಲಾ ಹೊತ್ತೂ ಆಯಾ ಊರಿನ ಗಡಿಯಾರದ್ದು. ಎರಡನ್ನೂ ನಮ್ಮ ಗಡಿಯಾರಕ್ಕೆ ತನ್ನಿ, ಗೊಂದಲ ಹೋಗುತ್ತದೆ. ಚಳಿಗಾಲದಲ್ಲಿ ಕ್ಯಾಲಿಫೋರ್ನಿಯಾ ನಮಗಿಂತ ಹದಿಮೂರೂವರೆ ಗಂಟೆ ಹಿಂದೆ. ನೀವು ಬೆಂಗಳೂರಿಂದ ಮಧ್ಯಾಹ್ನ 2.30ಕ್ಕೆ ಹೊರಟು ಹದಿನಾರು ಗಂಟೆ ಹಾರಿದಿರಿ ಅನ್ನೋಣ. ನಮ್ಮ ಗಡಿಯಾರದಲ್ಲಿ ಮಾರನೇ ದಿನ ಬೆಳಗ್ಗೆ 6.30. ಅದರಲ್ಲಿ ಹದಿಮೂರೂವರೆ ಕಳೆಯಿರಿ. ಹಿಂದಿನ ದಿನ ಸಂಜೆ 5.00. ಮಗಳು ಅದೇ ತಾರೀಖಿನ ಸಂಜೆಗೆ ಕಾರು ತಂದು ನಿಂತಿರುತ್ತಾಳೆ. ಬರುವಾಗ ಉಲ್ಟಾ. ಮೇಲೆ ಹೇಳಿದ 2021ರ ವಿಮಾನವನ್ನೇ ನೋಡಿ. ಅಲ್ಲಿ ಶನಿವಾರ ರಾತ್ರಿ 8.30 ಅಂದರೆ ಇಲ್ಲಿ ಆಗಲೇ ಭಾನುವಾರ ಬೆಳಗ್ಗೆ 10.00. ಹದಿನೇಳು ಗಂಟೆ ಕೂಡಿಸಿದರೆ ಸೋಮವಾರ ಬೆಳಗಿನ ಜಾವ 3.00. ಭಾನುವಾರ ಎಲ್ಲೂ ಕಳೆದುಹೋಗಲಿಲ್ಲ. ಅದು ವಿಮಾನದ ಕಿಟಕಿಯ ಹೊರಗೆ ಕಳೆಯಿತು.

ಮಾರ್ಚ್ ಎರಡನೇ ಭಾನುವಾರ ಅಮೆರಿಕದವರು ಗಡಿಯಾರವನ್ನು ಒಂದು ಗಂಟೆ ಮುಂದಿಡುತ್ತಾರೆ. ಆಮೇಲೆ ನವೆಂಬರ್ ಮೊದಲ ಭಾನುವಾರದ ತನಕ ವ್ಯತ್ಯಾಸ ಹನ್ನೆರಡೂವರೆ ಗಂಟೆ. ನೀವು ಬೇಸಿಗೆಯಲ್ಲಿ ವಾಪಸಾದರೆ ಈ ಅಂಕಿ ಹಾಕಿಕೊಳ್ಳಿ.

ಯಾವ ದಾರಿ ಒಳ್ಳೆಯದು ಅಂತ ಕೇಳಿದ್ದೀರಿ. ಅಂಕಿ ಮೊದಲು ಹೇಳುತ್ತೇನೆ. ದುಬೈ ಮೇಲೆ ಹೋದರೆ ಎರಡು ಹಾರಾಟ ಸೇರಿ ನೇರ ದೂರ ಸುಮಾರು 15,700 ಕಿ.ಮೀ. ಫ್ರಾಂಕ್‌ಫರ್ಟ್ ಮೇಲೆ 16,550. ಸಿಂಗಾಪುರ ಮೇಲೆ 16,770. ದುಬೈ ಬಗ್ಗೆ ಒಂದು ಮಾತು ಸೇರಿಸದೆ ಇರಲಾರೆ. ದುಬೈ ಮತ್ತು ಸ್ಯಾನ್ ಫ್ರಾನ್ಸಿಸ್ಕೋ ರೇಖಾಂಶಗಳ ನಡುವೆ 178 ಡಿಗ್ರಿ ಅಂತರ. ಅಂದರೆ ದಾರ ಎಳೆದರೆ ಧ್ರುವದ ಪಕ್ಕದಲ್ಲೇ ಹಾದುಹೋಗುತ್ತದೆ.

ಆದರೆ ಟಿಕೆಟ್ ಆರಿಸುವಾಗ ಈ ಕಿಲೋಮೀಟರ್‌ಗಳನ್ನು ಪಕ್ಕಕ್ಕಿಡಿ. ಸಾವಿರ ಕಿ.ಮೀ. ಅಂದರೆ ಒಂದು ಗಂಟೆ ಚಿಲ್ಲರೆ, ಅಷ್ಟೇ. ನಿಮ್ಮ ಹೊತ್ತು ತಿನ್ನುವುದು ನಡುವಿನ ಕಾಯುವಿಕೆ. ಎಲ್ಲೂ ಇಳಿಯದ ವಿಮಾನ ನಿಮ್ಮ ತಾರೀಖಿಗೆ ಇದ್ದರೆ, ದರ ನಿಲುಕಿದರೆ, ಅದನ್ನೇ ಹಿಡಿಯಿರಿ. ಈ ದಾರಿಯ ನಾನ್‌ಸ್ಟಾಪ್ ಸೇವೆ ನಿಲ್ಲುವುದೂ ಶುರುವಾಗುವುದೂ ಇದೆ, ಹಾಗಾಗಿ ಬುಕ್ ಮಾಡುವ ದಿನವೇ ನೋಡಿಕೊಳ್ಳಿ. 'ಡೈರೆಕ್ಟ್' ಅಂತ ಬರೆದಿದ್ದರೆ ಮೋಸ ಹೋಗಬೇಡಿ. ಡೈರೆಕ್ಟ್ ಅಂದರೆ ಫ್ಲೈಟ್ ನಂಬರ್ ಒಂದೇ ಅಂತ, ನಡುವೆ ಇಳಿಯಬಹುದು. 'ನಾನ್‌ಸ್ಟಾಪ್' ಅಂತಲೇ ಇರಬೇಕು.

ಇಲ್ಲದಿದ್ದರೆ ಒಂದೇ ಬದಲಾವಣೆ ಇರುವ ಟಿಕೆಟ್ ತಗೊಳ್ಳಿ, ಎರಡೂ ಹಾರಾಟ ಒಂದೇ ಪಿಎನ್ಆರ್‌ನಲ್ಲಿ ಇರಲಿ. ಮೊದಲನೆಯದು ತಡವಾಗಿ ಎರಡನೆಯದು ತಪ್ಪಿದರೆ ಮುಂದೆ ಕಳಿಸುವ ಹೊಣೆ ಆಗ ಕಂಪನಿಯದ್ದು. ಬೇರೆ ಬೇರೆ ಟಿಕೆಟ್ ಆದರೆ ಆ ಪಾಡು ನಿಮ್ಮದು. ಕಾಯುವ ಹೊತ್ತು ಎರಡೂವರೆಯಿಂದ ನಾಲ್ಕು ಗಂಟೆ ಇರಲಿ. ಒಂದೂಕಾಲು ಗಂಟೆಯ ಕನೆಕ್ಷನ್ ಅಗ್ಗಕ್ಕೆ ಸಿಗುತ್ತದೆ, ನಿಮ್ಮ ವಯಸ್ಸಿಗೆ ಅದು ಬೇಡ. ಟರ್ಮಿನಲ್ ಬದಲಿಸಿ, ಮತ್ತೆ ತಪಾಸಣೆ ಮುಗಿಸಿ, ಓಡಬೇಕಾಗುತ್ತದೆ. ಅಮ್ಮನವರಿಗೆ ಮಂಡಿ ನೋವಿದ್ದರೆ ವೀಲ್‌ಚೇರ್ ಬೇಕು ಅಂತ ಬುಕ್ ಮಾಡುವಾಗಲೇ ಹೇಳಿ. ಅದಕ್ಕೆ ಬೇರೆ ದುಡ್ಡಿಲ್ಲ, ಸಂಕೋಚವೂ ಬೇಡ.

ಮನೆ ಬಾಗಿಲಿಂದ ಮನೆ ಬಾಗಿಲಿಗೆ ಎಷ್ಟು ಅಂತಲೂ ಕೂಡಿಸಿಟ್ಟುಕೊಳ್ಳಿ. ಹಾಸನದಿಂದ ದೇವನಹಳ್ಳಿಗೆ ನಾಲ್ಕೂವರೆ, ಐದು ಗಂಟೆ. ನಿಲ್ದಾಣದಲ್ಲಿ ಮೂರೂವರೆ. ನಾನ್‌ಸ್ಟಾಪ್ ಹಾರಾಟ ಹದಿನಾರು. ಅಲ್ಲಿ ಇಮಿಗ್ರೇಷನ್, ಲಗೇಜ್ ಎರಡು. ಒಟ್ಟು ಇಪ್ಪತ್ತಾರೂವರೆ ಗಂಟೆ ಸುಮಾರು. ಬದಲಾವಣೆ ಇದ್ದರೆ ಮೂವತ್ತರ ಮೇಲೆ. ಬಿಪಿ, ಶುಗರ್ ಮಾತ್ರೆ ತಗೊಳ್ಳುವವರಾದರೆ ಯಾವ ಹೊತ್ತಿಗೆ ಯಾವ ಮಾತ್ರೆ ಅಂತ ನಿಮ್ಮ ಡಾಕ್ಟರ ಹತ್ತಿರ ಭಾರತದ ಗಡಿಯಾರದಲ್ಲೇ ಬರೆಸಿಕೊಳ್ಳಿ. ವಿಮಾನ ಇಳಿಯುವ ತನಕ ಕೈಗಡಿಯಾರ ತಿರುಗಿಸಬೇಡಿ. ಮಾತ್ರೆ ಕೈಚೀಲದಲ್ಲಿರಲಿ, ಚೆಕ್-ಇನ್ ಲಗೇಜಿನಲ್ಲಿ ಬೇಡ. ಗಂಟೆಗೊಮ್ಮೆ ಎದ್ದು ಹತ್ತು ಹೆಜ್ಜೆ ನಡೆಯಿರಿ. ಅದಕ್ಕೆ ಅಂಚಿನ ಸೀಟು ಅನುಕೂಲ.

ಅಲ್ಲಿ ಹೋದ ಮೇಲೆ ಊರಿಗೆ ಫೋನ್ ಮಾಡಬೇಕಲ್ಲ, ಅದಕ್ಕೊಂದು ಬಾಯಿಲೆಕ್ಕ ಇದೆ. ಚಳಿಗಾಲದಲ್ಲಿ ಅಲ್ಲಿನ ಗಡಿಯಾರಕ್ಕೆ ಒಂದೂವರೆ ಗಂಟೆ ಕೂಡಿಸಿ, ಬೆಳಗ್ಗೆ ಇದ್ದದ್ದನ್ನು ರಾತ್ರಿ ಮಾಡಿ, ರಾತ್ರಿ ಇದ್ದದ್ದನ್ನು ಮಾರನೇ ಬೆಳಗ್ಗೆ ಮಾಡಿ. ಅಲ್ಲಿ ಸಂಜೆ 7.30 ಅಂದರೆ ಹಾಸನದಲ್ಲಿ ಮಾರನೇ ದಿನ ಬೆಳಗ್ಗೆ 9.00. ಮಾರ್ಚ್ ಎರಡನೇ ಭಾನುವಾರದಿಂದ ಒಂದೂವರೆ ಬದಲು ಬರೀ ಅರ್ಧ ಗಂಟೆ ಕೂಡಿಸಿ. ಆಗ ಮೊಮ್ಮಗು ರಾತ್ರಿ 8.30ಕ್ಕೆ ಮಲಗಿದ ಮೇಲೆ ನೀವು ಊರಿಗೆ ಫೋನ್ ಮಾಡಿದರೆ ಇಲ್ಲಿ ಬೆಳಗ್ಗೆ 9.00 ಆಗಿರುತ್ತದೆ.